ವಿಶ್ರಾಂತಿಗೆ ಪುರುಸೊತ್ತಿಲ್ಲದ ಸೀಮೆ

ಶುಕ್ರವಾರ ಸಂಜೆ ಊರು ಬಿಟ್ಟು ಭಾನುವಾರ ರಾತ್ರಿ ಹೆಣವಾಗಿ ಮರಳುವುದಕ್ಕೆ ಈಗ ವಿಶ್ರಾಂತಿ ಎಂದು ಹೆಸರು. ಕೊಡಗು, ಚಿಕ್ಕಮಗಳೂರಿನ ಹೋಮ್‌ಸ್ಟೇಗಳಲ್ಲಿ ಕಾಲಿಡಲು ಜಾಗವಿಲ್ಲದಾಗ ಈ ವಿಶ್ರಾಂತಿಪ್ರಿಯರ ಕಣ್ಣು ಗೋಕಾಕದ ಕಡೆ ಹೊರಳುವುದು ಸಹಜ. ಅವರ ಪಂಗಡದಲ್ಲಿ ನಾನೂ ಒಬ್ಬ, ಅದೂ ಸಾಕಷ್ಟು ಹುಮ್ಮಸ್ಸಿನವನು. ಆದ್ದರಿಂದ ಇದನ್ನು ಒಳಗಿನವನ ಸಾಕ್ಷಿ ಎಂದೇ ತಿಳಿಯಬೇಕು. ನನ್ನ ವಾದ ಇಷ್ಟೇ: ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ನೋಡಲು ಬೇಕಾದಷ್ಟಿದೆ, ತಿನ್ನಲು ಬೇಕಾದ್ದಕ್ಕಿಂತ ಹೆಚ್ಚಿದೆ, ಸುಮ್ಮನೆ ಬಿದ್ದುಕೊಳ್ಳಲು ಮಾತ್ರ ಅನುಕೂಲವಿಲ್ಲ.

ಪುರಾವೆ ಬೇಕೆಂದರೆ ನದಿಯನ್ನೇ ನೋಡಿ. ಘಟಪ್ರಭೆಯಷ್ಟು ಪುರುಸೊತ್ತಿಲ್ಲದ ನದಿ ಇನ್ನೊಂದಿರಲಾರದು. ಹುಕ್ಕೇರಿ ತಾಲೂಕಿನ ಹಿಡಕಲ್‌ನಲ್ಲಿ ಅಣೆಕಟ್ಟಿಗೆ ಹಾಜರಿ ಕೊಟ್ಟು, ಧೂಪದಾಳದ ಒಡ್ಡಿನಲ್ಲಿ ಕಾಲುವೆಗೆ ಪಾಲು ಹಂಚಿ, ಆಮೇಲೆ ಗೋಕಾಕ ಫಾಲ್ಸಿನಲ್ಲಿ 52 ಮೀಟರ್ ಕೆಳಕ್ಕೆ ಧುಮುಕಬೇಕು. ಅಲ್ಲಿಯಾದರೂ ಅದನ್ನು ಅದರ ಪಾಡಿಗೆ ಬಿಟ್ಟರೇ? ಪಕ್ಕದಲ್ಲೇ 1880ರ ದಶಕದಲ್ಲಿ ನೂಲಿನ ಗಿರಣಿ ಎದ್ದಿತು, ಬೀಳುವ ನೀರಿನಿಂದ ವಿದ್ಯುತ್ತನ್ನೂ ತೆಗೆದರು. ಹುಕ್ಕೇರಿಯವರಂತೂ ಕರೆಂಟು ಹಂಚುವ ಕೆಲಸಕ್ಕೂ 1969ರಲ್ಲೇ ಸಹಕಾರಿ ಸಂಘ ಕಟ್ಟಿಕೊಂಡರು. ನೀರನ್ನೂ ಬೆಳಕನ್ನೂ ಹೀಗೆ ದುಡಿಸುವ ಜನ, ಹಾಸಿಗೆಯಲ್ಲಿ ಹೊರಳುವ ಅತಿಥಿಯನ್ನು ಎಂಟು ಗಂಟೆಯವರೆಗೆ ನೋಡುತ್ತ ಕೂರುವರೇ? ರಾತ್ರಿ ತ್ರೀಫೇಸ್ ಬಂದೊಡನೆ ರೈತ ಬ್ಯಾಟರಿ ಹಿಡಿದು ಕಬ್ಬಿಗೆ ನೀರು ಹಾಯಿಸಲು ಹೊರಡುತ್ತಾನೆ. ಹಂಗಾಮಿನಲ್ಲಿ ಎರಡೆರಡು ಟ್ರಾಲಿ ಕಬ್ಬು ಎಳೆಯುವ ಟ್ರ್ಯಾಕ್ಟರುಗಳು ಊರಿಗೆಲ್ಲ ಹಾಡು ಕೇಳಿಸುತ್ತ ಹೋಗುತ್ತವೆ. ಅವು ದೂರವಾದವು ಎನ್ನುವಷ್ಟರಲ್ಲಿ ಡೇರಿಗೆ ಹಾಲು ಹಾಕುವ ಹೊತ್ತು. ಹಳ್ಳಿಯ ನಿಶ್ಶಬ್ದ ಎಂಬುದನ್ನು ಹಳ್ಳಿಯಲ್ಲಿ ಮಲಗದವರು ಬರೆದಿರಬೇಕು.

ಇನ್ನು ನಾಷ್ಟಾ. ಬಾಡಿಗೆಯಲ್ಲಿ ಅದೂ ಸೇರಿದೆ ಎಂಬ ಸಾಲನ್ನು ಪಟ್ಟಣದವನು ಸೌಲಭ್ಯವೆಂದು ಓದುತ್ತಾನೆ, ಅದು ಎಚ್ಚರಿಕೆ. ಚಹಾ ಆಯಿತು, ಒಗ್ಗರಣೆ ಅವಲಕ್ಕಿ ಆಯಿತು, ಮುಗಿಯಿತು ಎಂದು ಏಳುವವನಿಗೆ ತಾಟು ಈಗಷ್ಟೇ ಬರುತ್ತಿದೆ ಎಂದು ತಿಳಿಯುತ್ತದೆ. ಬಿಸಿ ಜೋಳದ ರೊಟ್ಟಿ, ಎಣಗಾಯಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಎರಡು ರೊಟ್ಟಿಯವರೆಗೆ ಸ್ವರ್ಗ. ಮೂರನೆಯದಕ್ಕೆ ಅತಿಥಿ ತಾಟಿನ ಮೇಲೆ ಕೈ ಅಡ್ಡ ಇಡುತ್ತಾನೆ. ರೊಟ್ಟಿ ಕೈಯ ಮೇಲೆಯೇ ಬಂದು ಕೂರುತ್ತದೆ, ಸುಡುತ್ತದೆ, ಕೈ ತೆಗೆಯದೆ ಗತಿಯಿಲ್ಲ. “ಸಾಕ್ರೀ” ಎಂಬ ಮಾತಿಗೆ ಈ ಸೀಮೆಯಲ್ಲಿ ಕಾನೂನಿನ ಮಾನ್ಯತೆ ಇಲ್ಲ. “ಸಣ್ಣವ ಅದಾವ್ರಿ, ಏನ ಆಗೂದಿಲ್ಲ” ಎಂಬುದು ಉತ್ತರ, ರೊಟ್ಟಿಯೋ ತಾಟಿನ ಅಂಚು ದಾಟಿರುತ್ತದೆ. ಅತಿಥಿ ರಾಜಿಗೆ ಬಂದು ಅರ್ಧ ಎನ್ನುತ್ತಾನೆ. ಬಡಿಸುವಾಕೆ ತಕ್ಷಣ ಒಪ್ಪಿ, ಅವನ ಕಣ್ಣೆದುರೇ ಮುರಿದು, ಅರ್ಧವನ್ನು ಹಾಕುತ್ತಾಳೆ. ಅವನು ಗೆದ್ದೆನೆಂದು ಚಟ್ನಿಗೆ ಕೈ ಹಾಕುವಷ್ಟರಲ್ಲಿ, “ಮುರದದ್ದ ಹಂಗ ಉಳದ್ರ ಏನ ಮಾಡೂದ್ರಿ?” ಎಂದು ಇನ್ನರ್ಧವೂ ಬಂದು ಅದರ ಪಕ್ಕ ಮಲಗುತ್ತದೆ. ಇಡೀ ಮನೆಯಲ್ಲಿ ಆ ಹೊತ್ತಿಗೆ ಮಲಗಿರುವುದು ಅದೊಂದೇ. ಕೊನೆಗೆ, ನಮ್ಮ ಕೈ ಅಡುಗೆ ಸೇರಲಿಲ್ಲವೇನೋ ಎಂಬ ನೋಟ. ಅದಕ್ಕೆ ಎದುರು ಹೇಳುವ ವಕೀಲ ಬೆಳಗಾವಿ ಜಿಲ್ಲೆಯಲ್ಲೇ ಸಿಗಲಾರ.

ಇದೆಲ್ಲ ಉತ್ಪ್ರೇಕ್ಷೆ, ನದಿಯ ಹೆಸರನ್ನೇ ಹೊತ್ತ ಘಟಪ್ರಭಾ ಊರಿಗೆ ಜನ ಆರಾಮ ಹುಡುಕಿಕೊಂಡು ಬರುತ್ತಿರಲಿಲ್ಲವೇ ಎಂದು ತಿಳಿದವರು ಕೇಳಬಹುದು. ಬರುತ್ತಿದ್ದರು, ಬರುತ್ತಾರೆ: ಡಾ. ಕೋಕಟನೂರ ಮತ್ತು ಸಂಗಡಿಗರು 1929ರಲ್ಲಿ ಅಲ್ಲಿ ಕರ್ನಾಟಕ ಆರೋಗ್ಯಧಾಮವನ್ನೇ ಕಟ್ಟಿದರು. ಆದರೆ ಅದು ವೈದ್ಯರು ಬರೆದುಕೊಡುವ ವಿಶ್ರಾಂತಿ, ಕಾಯಿಲೆಯವರ ಹಕ್ಕು. ಹೊಟ್ಟೆ ಗಟ್ಟಿಯಿರುವವನು ಅದನ್ನು ಇನ್ನೊಬ್ಬರ ಮನೆಯಲ್ಲಿ ಕೊಳ್ಳಲು ಹೊರಟಾಗ ಲೆಕ್ಕ ಬೇರೆಯಾಗುತ್ತದೆ. ದುಡ್ಡು ಕೊಟ್ಟ ಮೇಲೆ ಗಿರಾಕಿ ಗಿರಾಕಿಯೇ ಅಲ್ಲವೇ ಎಂಬ ಇನ್ನೊಂದು ಆಕ್ಷೇಪವೂ ಉಂಟು. ಇರಬಹುದು. ಆದರೆ ಮನೆಯೂಟ ಎಂದು ಹೊಗಳಿ ಫೋಟೋ ಹಾಕುವ ನಾವು, ಅದರಲ್ಲಿ ಮನೆ ಎಂದರೆ ನಸುಕಿಗೇ ಎದ್ದು ಒಲೆ ಹೊತ್ತಿಸಿದ ಒಬ್ಬಾಕೆ ಎಂಬುದನ್ನು ಬರೆಯುವುದಿಲ್ಲ. ಅವಳಿಗೆ ಶನಿವಾರವೂ ಇಲ್ಲ, ಭಾನುವಾರವೂ ಇಲ್ಲ. ನಮ್ಮ ವಿಶ್ರಾಂತಿ ಅವಳ ಕೆಲಸಕ್ಕೆ ಇನ್ನೊಂದು ಸೇರ್ಪಡೆ, ಅಷ್ಟೇ. ನಾವೋ, ಜಲಪಾತದ ಅಂಚಿನ ಜಾರುಬಂಡೆಯ ಮೇಲೆ ಸೆಲ್ಫಿಗೆ ನಿಂತು, ಊರವರು ಬೈದರೆ ಆತಿಥ್ಯ ಸಾಲದು ಎನ್ನುವವರು.

ಆದರೂ ಹೋಗುವುದನ್ನು ಬಿಡಬೇಡಿ. ಮಳೆಗಾಲದಲ್ಲೇ ಹೋಗಿ, ಬೇಸಿಗೆಯಲ್ಲಿ ಫಾಲ್ಸಿನಲ್ಲಿ ಬರೀ ಬಂಡೆ ಕಾಣುತ್ತದೆ. ತೂಗುಸೇತುವೆ ನೋಡಿ, ಗೊಡಚಿನಮಲ್ಕಿ ಜಲಪಾತವನ್ನೂ ನೋಡಿ, ಕರದಂಟು ಕಟ್ಟಿಸಿಕೊಳ್ಳಿ. ನಿದ್ದೆಯನ್ನು ಮನೆಯಲ್ಲೇ ಮುಗಿಸಿ ಹೊರಡಿ. ಬರುವಾಗ ದುಡ್ಡನ್ನು ಕಟ್ಟೆಯ ಮೇಲೆ ಕೂತ ಯಜಮಾನರಿಗಲ್ಲ, ಒಳಗೆ ಹೋಗಿ ರೊಟ್ಟಿ ಬಡಿದವಳ ಕೈಗೆ ಕೊಡಿ.