ಮುಳ್ಳಿನ ಮಾತಿಗೆ ಎಷ್ಟು ಬೆಲೆ

ನಮ್ಮ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತವರಿಗೆ ಯಾವಾಗಲೂ ಪೆಟ್ರೋಲು ಜಾಸ್ತಿ. ಸ್ಟೀರಿಂಗ್ ಹಿಡಿದ ನನಗೆ ಮುಳ್ಳು ಕೆಂಪು ಗೆರೆಗೆ ಒರಗಿದಂತೆ ಕಂಡರೆ, ಎಡಗಡೆ ಕೂತ ಹೆಂಡತಿಗೆ ಅದು ಗೆರೆ ಬಿಟ್ಟು ಕೂದಲಷ್ಟು ಮೇಲಿರುತ್ತದೆ. ‘ಇನ್ನೂ ಇದೆಯಲ್ರೀ, ಬರ್ತಾ ಹಾಕಿಸಿದರಾಯಿತು’ ಅನ್ನುತ್ತಾಳೆ. ವಾಪಸು ಬರುವಾಗ ಅವಳು ಓಡಿಸಿದರೆ ಪಾತ್ರ ಅದಲುಬದಲು: ಆತಂಕ ಅವಳದು, ಔದಾರ್ಯ ನನ್ನದು. ಇದರಲ್ಲಿ ಇಬ್ಬರ ಸ್ವಭಾವದ ದೋಷವೂ ಇಲ್ಲ. ಮುಳ್ಳು ಡಯಲ್ಲಿಗೆ ಅಂಟಿಕೊಂಡಿಲ್ಲ, ಅದರಿಂದ ಚೂರು ಎದ್ದು ನಿಂತಿದೆ. ಎಡದಿಂದ ಓರೆಯಾಗಿ ನೋಡುವವರಿಗೆ ಅದು ಬಲಕ್ಕೆ, ಅಂದರೆ ‘ಎಫ್’ ಇರುವ ಕಡೆಗೆ, ಸರಿದಂತೆ ಕಾಣುತ್ತದೆ. ಸ್ಕೇಲನ್ನು ಓರೆಗಣ್ಣಿನಿಂದ ಓದಬೇಡ್ರೋ ಎಂದು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಬೈಯುತ್ತಿದ್ದುದು ಇದಕ್ಕೇ. ಸಂಸಾರಕ್ಕೂ ಅದು ಬೇಕಾಗುತ್ತದೆಂದು ಅವರು ಹೇಳಿರಲಿಲ್ಲ.

ನೆಟ್ಟಗೆ ನೋಡಿದರೆ ನಿಜ ತಿಳಿದೇಬಿಡುತ್ತದೆ ಎಂದೇನೂ ಅಲ್ಲ. ಒಮ್ಮೆ ಮುಳ್ಳು ಅರ್ಧದಲ್ಲೇ ಹಟ ಹಿಡಿದು ಕೂತಿತು. ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಹಿಂದಿನ ಸೀಟು ಎತ್ತಿದ. ಮೊದಲು ಸಿಕ್ಕಿದ್ದು ಕಡಲೆಕಾಯಿ ಸಿಪ್ಪೆ, ಹೇರ್‌ಪಿನ್ನು, ಮಗಳು ಯಾವತ್ತೋ ಕಳಕೊಂಡು ಅತ್ತಿದ್ದ ರಬ್ಬರು. ಅದರಡಿಯ ಮುಚ್ಚಳ ಬಿಚ್ಚಿ ಟ್ಯಾಂಕಿನೊಳಗಿಂದ ಅವನು ಎಳೆದದ್ದು ಒಂದು ಬಡಕಲು ಸಾಮಾನು. ಗೇಣುದ್ದದ ತಂತಿ, ಅದರ ತುದಿಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಫ್ಲೋಟು, ಬುಡದಲ್ಲಿ ಸಣ್ಣ ಬಿಲ್ಲೆ, ಬಿಲ್ಲೆಯ ಮೇಲೆ ಸಾಲಾಗಿ ನವುರು ಗೆರೆಗಳು. ಪೆಟ್ರೋಲಿನ ಮೇಲೆ ಫ್ಲೋಟು ಏರಿಳಿದಂತೆ ತಂತಿಯ ಬುಡದ ಪುಟ್ಟ ನಾಲಗೆ ಆ ಗೆರೆಗಳ ಮೇಲೆ ಜಾರುತ್ತದೆ, ಕರೆಂಟಿಗೆ ಅಡ್ಡಿ ಹೆಚ್ಚುಕಮ್ಮಿಯಾಗುತ್ತದೆ, ಡ್ಯಾಶ್‌ಬೋರ್ಡಿನ ಮುಳ್ಳು ಅತ್ತಿತ್ತ ಹೊರಳುತ್ತದೆ. ನಮ್ಮದರಲ್ಲಿ ಗೆರೆಗಳು ಸವೆದಿದ್ದವು. ಹೊಸದಕ್ಕೆ ವೈರು ಸಿಕ್ಕಿಸಿ ‘ಕೀ ಆನ್ ಮಾಡಿ ಸಾರ್’ ಎಂದವನೇ ಎರಡು ಬೆರಳಲ್ಲಿ ಫ್ಲೋಟನ್ನು ಗಾಳಿಯಲ್ಲಿ ಎತ್ತಿ ಹಿಡಿದ. ಮುಳ್ಳು ಗಂಭೀರವಾಗಿ ಎದ್ದು, ಅವಸರವಿಲ್ಲದೆ ನಡೆದು, ‘ಎಫ್’ ಮುಟ್ಟಿತು. ಲೀಟರಿಗೆ ನೂರು ರೂಪಾಯಿ ದಾಟಿದ ಕಾಲದಲ್ಲಿ ಬಿಡಿಗಾಸಿನ ಖರ್ಚಿಲ್ಲದೆ ಟ್ಯಾಂಕು ಫುಲ್ಲಾದದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

ಅಲ್ಲಿಗೆ ಒಂದು ಗುಟ್ಟು ರಟ್ಟಾಯಿತು. ಮುಳ್ಳಿಗೆ ಲೀಟರಿನ ಲೆಕ್ಕ ಗೊತ್ತೇ ಇಲ್ಲ, ಅದಕ್ಕೆ ಗೊತ್ತಿರುವುದು ಎತ್ತರ ಮಾತ್ರ. ಟ್ಯಾಂಕು ನೆಟ್ಟನೆಯ ಡಬ್ಬಿಯಾಗಿದ್ದರೆ ಎರಡೂ ಒಂದೇ ಆಗುತ್ತಿತ್ತು. ಆದರೆ ಕಾರು ಕಟ್ಟುವವರು ಸೀಟಿಗೆ, ಆಕ್ಸಲ್ಲಿಗೆ, ಸೈಲೆನ್ಸರ್ ಪೈಪಿಗೆ ಎಲ್ಲ ಜಾಗ ಹಂಚಿದ ಮೇಲೆ ಉಳಿದ ಸಂದಿಗೊಂದಿಗೆ ಟ್ಯಾಂಕನ್ನು ತುರುಕಿರುತ್ತಾರೆ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು. ಅದರಲ್ಲಿ ಅರ್ಧ ಎತ್ತರ ಅಂದರೆ ಅರ್ಧ ಪೆಟ್ರೋಲು ಎಂದು ಯಾರೂ ಆಣೆ ಮಾಡುವಂತಿಲ್ಲ. ಮೇಲಾಗಿ ಫ್ಲೋಟು ತನ್ನ ಮಿತಿ ಮುಟ್ಟಿ ನಿಂತ ಮೇಲೂ ಬಂಕಿನವನು ‘ರೌಂಡ್ ಫಿಗರ್ ಮಾಡ್ತೀನಿ ಸಾರ್’ ಎಂದು ಇನ್ನಷ್ಟು ಸುರಿದಿರುತ್ತಾನೆ. ಆ ಹೆಚ್ಚುವರಿ ಕರಗುವ ತನಕ ಮುಳ್ಳು ಅಲುಗುವುದಿಲ್ಲ. ಬೆಂಗಳೂರು ಬಿಟ್ಟು ರಾಮನಗರ ಬಂದರೂ ‘ಎಫ್’ನಲ್ಲೇ ಇರುವ ಮುಳ್ಳನ್ನು ನೋಡಿ ನಾವು ಕಾರಿನ ಮೈಲೇಜನ್ನು ಹೊಗಳುತ್ತೇವೆ. ಅರ್ಧ ದಾಟಿದ ಮೇಲೆ ಅದೇ ಮುಳ್ಳು ಜಾರುವಾಗ ಬಂಕಿನವನು ಮೋಸ ಮಾಡಿದ ಎನ್ನುತ್ತೇವೆ.

ಕೆಳಗಿನ ತುದಿಯ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಸುಳ್ಳು ಉದ್ದೇಶಪೂರ್ವಕ. ಮದುವೆ ಮನೆಯ ಅಡುಗೆ ಭಟ್ಟರು ಒಂದು ಹಂಡೆ ಸಾರನ್ನು ಹಿಂದೆ ಮುಚ್ಚಿಟ್ಟು ‘ಇನ್ನು ಒಂದೇ ಪಂಕ್ತಿಗೆ ಆಗೋದು’ ಎಂದು ಯಜಮಾನರನ್ನು ಬೆವರಿಸುತ್ತಾರಲ್ಲ, ಕಾರಿನ ಎಂಜಿನಿಯರು ಮಾಡುವುದೂ ಅದನ್ನೇ. ಕೆಲವು ಲೀಟರ್ ಉಳಿದಿರುವಾಗಲೇ ಹಳದಿ ದೀಪ ಹಚ್ಚಿಸುತ್ತಾನೆ. ತೊಂದರೆ ಏನೆಂದರೆ ಈ ಗುಟ್ಟು ಊರಿಗೆಲ್ಲ ಗೊತ್ತಾಗಿಬಿಟ್ಟಿದೆ. ನನ್ನ ಸ್ನೇಹಿತರೊಬ್ಬರು ದೀಪ ಹತ್ತಿದ ಮೇಲೇ ನಿಜವಾದ ಪ್ರಯಾಣ ಶುರು ಎಂದುಕೊಂಡವರು. ‘ಲೈಟ್ ಬಂದ ಮೇಲೆ ಆರಾಮಾಗಿ ನಲವತ್ತು ಕಿಲೋಮೀಟರ್’ ಎಂದು ಅಧಿಕಾರವಾಣಿಯಿಂದ ಹೇಳುತ್ತಾರೆ, ಅದೂ ಬೇರೆಯವರ ಕಾರಿನ ಬಗ್ಗೆ. ನಮ್ಮ ಮಾವನವರದು ಇನ್ನೊಂದು ಮತ. ಅವರಿಗೆ ಅರ್ಧ ಟ್ಯಾಂಕೆಂದರೆ ಖಾಲಿ ಟ್ಯಾಂಕೇ. ಈ ವಿಷಯದಲ್ಲಿ ನನ್ನ ವೋಟು ಮಾವನವರಿಗೆ. ಈಗಿನ ಕಾರುಗಳ ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಮುಳುಗಿಕೊಂಡು, ಸುತ್ತಲ ಪೆಟ್ರೋಲಿನಿಂದಲೇ ಮೈ ತಂಪು ಮಾಡಿಕೊಳ್ಳುತ್ತದೆ. ತಳ ಕಾಣುವ ತನಕ ಓಡಿಸುವ ಚಟದವರು ಉಳಿಸಿದ್ದನ್ನೆಲ್ಲ ಒಂದು ದಿನ ಹೊಸ ಪಂಪಿಗೆ ಸುರಿಯಬೇಕಾದೀತು.

ಮುಳ್ಳಿನ ಮೇಲೆ ನಂಬಿಕೆ ಹೋದವರಿಗೆಂದು ಈಗ ಅಂಕಿ ಬಂದಿದೆ. ಇನ್ನು ಇಷ್ಟು ಕಿಲೋಮೀಟರ್ ಹೋಗಬಹುದು ಎಂದು ಪರದೆಯ ಮೇಲೆ ಜ್ಯೋತಿಷಿಯ ಧೈರ್ಯದಲ್ಲಿ ತೋರಿಸುತ್ತದೆ. ನಾವು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟಾಗ ಅದು 90 ಎನ್ನುತ್ತಿತ್ತು. ಚಾರ್ಮಾಡಿ ಘಾಟಿಯ ತಿರುವುಗಳನ್ನು ಇಳಿದು ಬಯಲಿಗೆ ಬರುವಷ್ಟರಲ್ಲಿ 120 ಆಗಿತ್ತು. ದಾರಿಯಲ್ಲಿ ಒಂದು ಬಂಕೂ ಇರಲಿಲ್ಲ, ನಾವು ಹನಿ ಹಾಕಿಸಿರಲೂ ಇಲ್ಲ. ನನ್ನ ತಾಯಿ ಹಿಂದಿನ ಸೀಟಿನಿಂದಲೇ ಧರ್ಮಸ್ಥಳದ ದಿಕ್ಕಿಗೆ ಕೈಮುಗಿದರು. ಕಾರಣ ಇಷ್ಟೇ: ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಎಂಜಿನ್ನಿಗೆ ಪೆಟ್ರೋಲು ಹೋಗುವುದೇ ನಿಲ್ಲುತ್ತದೆ, ಇತ್ತೀಚಿನ ಮೈಲೇಜು ನೋಡಿ ಭವಿಷ್ಯ ಹೇಳುವ ಕಂಪ್ಯೂಟರು ಲೋಕವೆಲ್ಲ ಇಳಿಜಾರೇ ಎಂದು ನಂಬಿಬಿಡುತ್ತದೆ. ಜೊತೆಗೆ ಘಾಟಿಯಲ್ಲಿ ಪೆಟ್ರೋಲು ಟ್ಯಾಂಕಿನ ಒಂದು ಮೂಲೆಗೆ ವಾಲಿ ಫ್ಲೋಟನ್ನೂ ಹಾದಿ ತಪ್ಪಿಸುತ್ತದೆ. ಈ ತೂಗಾಟ ಕಾಣಿಸದಿರಲೆಂದೇ ಹೊಸ ಕಾರುಗಳಲ್ಲಿ ಮುಳ್ಳನ್ನು ನಿಧಾನಸ್ಥನನ್ನಾಗಿ ಮಾಡಿರುತ್ತಾರೆ.

ಇದ್ಯಾವುದೂ ಇಲ್ಲದೆ ಬದುಕಿದವರು ನಮ್ಮ ಚಿಕ್ಕಪ್ಪ. ಅವರದು ಮೈಸೂರಿನಲ್ಲೇ ತಯಾರಾದ ಯೆಜ್ಡಿ ಬೈಕು, ಅದರಲ್ಲಿ ಪೆಟ್ರೋಲ್ ಮೀಟರೇ ಇರಲಿಲ್ಲ. ಎರಡೂ ಮೊಣಕಾಲಿನ ನಡುವೆ ಗಾಡಿಯನ್ನು ಹಿಡಿದು ಎಡಕ್ಕೊಮ್ಮೆ ಬಲಕ್ಕೊಮ್ಮೆ ಕುಲುಕಿ, ತಲೆ ಬಗ್ಗಿಸಿ ಟ್ಯಾಂಕಿನ ಸದ್ದು ಕೇಳುತ್ತಿದ್ದರು. ‘ನಂಜನಗೂಡಿಗೆ ಹೋಗಿ ಬರಬಹುದು’ ಎಂದರೆ ಹೋಗಿ ಬರಬಹುದು, ಅಷ್ಟೇ. ಲೆಕ್ಕ ತಪ್ಪಿ ಎಂಜಿನ್ನು ಕೆಮ್ಮಿದರೆ ಮಾತು ನಿಲ್ಲಿಸದೆ ಕೈ ಕೆಳಗಿಳಿಸಿ ನಲ್ಲಿಯನ್ನು ರಿಸರ್ವಿಗೆ ತಿರುಗಿಸುತ್ತಿದ್ದರು. ಆಗ ಸುಳ್ಳು ಹೇಳಲು ಮುಳ್ಳೂ ಇರಲಿಲ್ಲ, ದೀಪವೂ ಇರಲಿಲ್ಲ. ಕೆಮ್ಮಿದರೆ ಬಂಕಿಗೆ ಹೋಗಬೇಕು, ಅದು ಬೀದಿಗೆಲ್ಲ ಕೇಳಿಸುತ್ತಿತ್ತು.

ಇಷ್ಟೆಲ್ಲ ಆಡಿಕೊಂಡ ಮೇಲೆ ಆ ಡಯಲ್ಲಿನಲ್ಲಿ ಎಂದೂ ಸುಳ್ಳಾಡದ ಒಂದು ಜೀವವಿದೆ ಎಂಬುದನ್ನೂ ಹೇಳಬೇಕು. ಬಂಕಿನ ಪುಟಾಣಿ ಚಿತ್ರದ ಪಕ್ಕದಲ್ಲಿರುವ ಬಾಣದ ಗುರುತು. ಪೆಟ್ರೋಲ್ ಮುಚ್ಚಳ ಕಾರಿನ ಯಾವ ಮಗ್ಗುಲಿಗಿದೆ ಎಂದು ಅದು ತೋರಿಸುತ್ತದೆ. ಅಮೆರಿಕದ ಫೋರ್ಡ್ ಕಂಪನಿಯಲ್ಲಿದ್ದ ಜಿಮ್ ಮಾಯ್ಲನ್ ಎಂಬ ಎಂಜಿನಿಯರು 1986ರಲ್ಲಿ ಆಫೀಸಿನ ಕಾರೊಂದನ್ನು ಬಂಕಿನಲ್ಲಿ ತಪ್ಪು ಮಗ್ಗುಲಿಗೆ ನಿಲ್ಲಿಸಿ, ಮಳೆಯಲ್ಲಿ ನೆನೆದು, ಬಂದವರೇ ಹೀಗೊಂದು ಬಾಣ ಹಾಕೋಣ ಎಂದು ಬರೆದುಕೊಟ್ಟರಂತೆ. 1989ರ ಮಾಡೆಲ್‌ಗಳಲ್ಲಿ ಅದು ಬಂತು. ಈಗ ಹೆಚ್ಚುಕಮ್ಮಿ ಎಲ್ಲ ಕಾರುಗಳಲ್ಲೂ ಇದೆ. ನಮ್ಮ ಬಡಾವಣೆಯ ಬಂಕಿಗೆ ಬರುವವರು ಮಾತ್ರ ಇಂದಿಗೂ ಕಿಟಕಿಯಿಂದ ಸೊಂಟದವರೆಗೆ ಹೊರಬಂದು ಮುಚ್ಚಳ ಹುಡುಕುತ್ತಾರೆ. ಮೊನ್ನೆ ನನ್ನ ಮುಂದಿದ್ದ ದೊಡ್ಡ ಕಾರಿನವರಿಗೆ, ಬಾಣ ನೋಡಿಕೊಂಡು ಆಚೆ ಸಾಲಿಗೆ ಬರಬಹುದಿತ್ತಲ್ಲ ಎಂದೆ. ಅವರು ಉತ್ತರ ಕೊಡುವ ಮೊದಲೇ ಬಂಕಿನ ಹುಡುಗ ಪೈಪನ್ನು ಕಾರಿನ ನೆತ್ತಿಯ ಮೇಲಿಂದ ಆಚೆ ಎಸೆದು ಹೇಳಿದ: ‘ನೀವ್ ಸುಮ್ನಿರಿ ಸಾರ್, ಪೈಪ್ ಉದ್ದ ಐತೆ. ಎಷ್ಟಕ್ ಹಾಕ್ಲಿ?’