ಡೇಟಾ ಸಾಹೇಬ್ರು

ಸೇಡಂ, ವಾಡಿ, ಚಿತ್ತಾಪುರದ ಸುಣ್ಣಕಲ್ಲಿನ ಸೀಮೆಯಲ್ಲಿ ಯಾವ ಸಿಮೆಂಟ್ ಕಾರ್ಖಾನೆಗೆ ಹೋದರೂ ಕಂಟ್ರೋಲ್ ರೂಮಿನ ಹಿಂದೆ ಒಂದು ಸಣ್ಣ ಕೋಣೆ ಇರುತ್ತದೆ. ಹೊರಗೆ ಬೆಂಕಿ ಬಿಸಿಲು, ಒಳಗೆ ಸ್ವೆಟರ್. ಆ ಸ್ವೆಟರಿನೊಳಗೆ ಡೇಟಾ ಸಾಹೇಬ್ರು. ನೇಮಕಪತ್ರದ ಪ್ರಕಾರ ಅವರು ಇನ್‌ಸ್ಟ್ರುಮೆಂಟ್ ಎಂಜಿನಿಯರ್. ಆದರೆ ಅವರು ಥರ್ಮೋಕಪಲ್ ಬದಲಿಸಿದ್ದನ್ನು ಕಂಡವರು ಒಬ್ಬೊಬ್ಬರಾಗಿ ರಿಟೈರ್ ಆಗಿದ್ದಾರೆ. ಈಗ ಅವರ ಸಂಸಾರವೆಲ್ಲ ಹಿಸ್ಟೋರಿಯನ್ ಜೊತೆ.

ಹಿಸ್ಟೋರಿಯನ್ ಎಂಬುದೊಂದು ಸರ್ವರ್. ಕಿಲ್ನ್ ಒಳಗೆ 1450 ಡಿಗ್ರಿಯ ಆಸುಪಾಸಿನಲ್ಲಿ ಕ್ಲಿಂಕರ್ ಬೇಯುತ್ತಿರುವಾಗ ಡ್ರೈವ್ ಎಷ್ಟು ಆಂಪಿಯರ್ ಎಳೆಯಿತು, ಪ್ರೀಹೀಟರಿನಿಂದ ಹೊರಟ ಗಾಳಿಯಲ್ಲಿ ಆಮ್ಲಜನಕ ಎಷ್ಟಿತ್ತು, ಕಲ್ಲಿದ್ದಲು ಎಷ್ಟು ಹೋಯಿತು, ಒಂದೊಂದಕ್ಕೂ ಒಂದು ಟ್ಯಾಗ್ ಇಟ್ಟು ವರ್ಷಗಟ್ಟಲೆ ಬರೆದಿಡುತ್ತದೆ. ಬರೆಯುವುದರಲ್ಲಿ ಮಹಾ ಜಿಪುಣ. ಅಂಕಿ ಒಂದೇ ಗೆರೆ ಹಿಡಿದು ಸಾಗುತ್ತಿದ್ದರೆ ನಡುವಿನದನ್ನೆಲ್ಲ ಬಿಟ್ಟು, ಗೆರೆ ಹೊರಳಿದ ಕಡೆ ಮಾತ್ರ ಗುರುತು ಹಾಕುತ್ತದೆ. ಸ್ವಿಂಗಿಂಗ್ ಡೋರ್ ಎಂಬ ಈ ಪದ್ಧತಿಯನ್ನು ಸಾಹೇಬ್ರು ಮನೆಗೂ ತಂದಿದ್ದಾರೆ. "ಇವತ್ತ ಏನ್ ನಡೀತ್ರಿ?" ಎಂದು ಹೆಂಡತಿ ಕೇಳಿದರೆ ಉತ್ತರವೇ ಇಲ್ಲ. ನಿನ್ನೆಗಿಂತ ಬೇರೆ ಏನಾದರೂ ನಡೆದಿದ್ದರೆ ತಾನೇ ಹೇಳುವುದು!

ಮುಂಜಾನೆಯ ಮೀಟಿಂಗಿನಲ್ಲಿ ಅವರಿಗೆ ಕುರ್ಚಿ ಸಿಗುವುದು ಬಾಗಿಲ ಹತ್ತಿರ. ಯಾರಾದರೂ "ಟ್ರೆಂಡ್ ತೆಗೀರಿ" ಎನ್ನುತ್ತಾರೆ, ಸಾಹೇಬ್ರು ಆ ಗ್ರಾಫ್ ತೆಗೆಯುತ್ತಾರೆ, ಮುಚ್ಚುತ್ತಾರೆ. ಅವರ ಹೆಸರು ಎಲ್ಲರ ಬಾಯಿಗೆ ಬರಬೇಕಾದರೆ ಡೇಟಾ ಹೋಗಬೇಕು.

ಅದು ಹೋಗುವುದು ಹೆಚ್ಚಾಗಿ ಶನಿವಾರ ಸಂಜೆ. ಹೊಸದಾಗಿ ಸೇರಿದ ಹುಡುಗ ಬೇಡದ ಟ್ಯಾಗುಗಳನ್ನು ತೆಗೆಯಲು ಎಕ್ಸೆಲ್‌ನಲ್ಲಿ ಪಟ್ಟಿ ಮಾಡಿ, ಫಿಲ್ಟರ್ ಹಾಕಿ, ಕಣ್ಣಿಗೆ ಕಾಣುವ ಸಾಲುಗಳಷ್ಟೇ ಸರ್ವರಿನಿಂದ ಅಳಿಯುತ್ತವೆಂದು ನಂಬಿ ಗುಂಡಿ ಒತ್ತಿರುತ್ತಾನೆ. ಮರೆಯಲ್ಲಿದ್ದ ಸಾಲುಗಳೂ ಜೊತೆಗೇ ಹೊರಟಿರುತ್ತವೆ.

"ನಾ ಏನೂ ಮುಟ್ಟಿಲ್ರೀ ಸರ. ತಾವೇ ಹೋಗ್ಯಾವ್ರಿ."

ಸಾಹೇಬ್ರು ಆಡಿಟ್ ಲಾಗ್ ತೆರೆಯುತ್ತಾರೆ. ಹುಡುಗನ ಲಾಗಿನ್, ಗಂಟೆ, ನಿಮಿಷ, ಸೆಕೆಂಡು, ಎಲ್ಲ ಅಲ್ಲಿದೆ. ಯಾರಿಗೂ ತೋರಿಸುವುದಿಲ್ಲ, ಇಂಥದ್ದು ಇಟ್ಟುಕೊಂಡಷ್ಟೂ ಬಡ್ಡಿ ಬೆಳೆಯುತ್ತದೆ. ಹುಡುಗ ಹೆದರಿಕೆಯಲ್ಲಿ ಅದೇ ಹೆಸರಿನ ಹೊಸ ಟ್ಯಾಗುಗಳನ್ನೂ ಮಾಡಿಟ್ಟಿದ್ದಾನೆ. ಟ್ರೆಂಡ್ ತೆರೆದರೆ ಹತ್ತು ನಿಮಿಷದ ಗೆರೆ, ಅದರ ಹಿಂದೆ ಬಯಲು.

"ಹೊಲ ಎಲ್ಲೂ ಹೋಗಿಲ್ಲೋ ತಮ್ಮಾ," ಎನ್ನುತ್ತಾರೆ ಸಾಹೇಬ್ರು. "ಪಹಣಿಯಾಗ ಸರ್ವೆ ನಂಬರ್ ಬದಲಾಗ್ಯಾದ, ಅಷ್ಟೇ."

ಸರ್ವರಿಗೆ ಹೆಸರಿನ ಗೊಡವೆಯಿಲ್ಲ, ಒಳಗಿನ ನಂಬರೇ ಸರ್ವಸ್ವ. ಅಳಿದ ಟ್ಯಾಗಿನ ಅಂಕಿಗಳು ಆರ್ಕೈವ್ ಫೈಲಿನಲ್ಲಿ ಹಳೆಯ ನಂಬರಿನಡಿ ಹಾಗೇ ಬಿದ್ದಿರುತ್ತವೆ. ಹೊಸ ಟ್ಯಾಗಿಗೆ ಸಿಕ್ಕಿರುವುದು ಹೊಸ ನಂಬರ್. ಇಷ್ಟು ಹೇಳಿ ಸುಮ್ಮನಾದರೆ ಅವರು ಸಾಹೇಬ್ರೇ ಅಲ್ಲ. ಜಿಎಂ ಬೆವರುತ್ತ ನಿಂತಿರುವಾಗಲೇ ಹಿಸ್ಟೋರಿಯನ್ನಿನ ವಂಶಾವಳಿ ಶುರು: 1980ರಲ್ಲಿ ಪ್ಯಾಟ್ರಿಕ್ ಕೆನಡಿ ಕ್ಯಾಲಿಫೋರ್ನಿಯಾದಲ್ಲಿ ಕಂಪನಿ ಕಟ್ಟಿದ್ದು, ಅದರ ಪಿಐ ಸಿಸ್ಟಮ್ ರಿಫೈನರಿ, ಪವರ್ ಪ್ಲಾಂಟುಗಳಿಗೆಲ್ಲ ಹಬ್ಬಿದ್ದು, 2021ರಲ್ಲಿ ಅವೀವಾ ಆ ಕಂಪನಿಯನ್ನೇ ಕೊಂಡದ್ದು. ಬಾಗಿಲ ಹತ್ತಿರದ ಕುರ್ಚಿಯ ಇಷ್ಟು ವರ್ಷದ ಬಾಕಿಯನ್ನು ಅವರು ವಸೂಲಿ ಮಾಡುವುದು ಹೀಗೆ.

ಅಷ್ಟರಲ್ಲಿ ಕೋಣೆ ತುಂಬಿರುತ್ತದೆ. ಒಂದು ದಿನವೂ ತೆರೆದು ನೋಡದ ಟ್ಯಾಗಿನ ಮೇಲೆ ಎಲ್ಲರಿಗೂ ಕರುಳು ಮಿಡಿಯುತ್ತದೆ. ಒಂದು ಕಿಲೋ ಕ್ಲಿಂಕರಿಗೆ ಎಷ್ಟು ಶಾಖ ಖರ್ಚಾಯಿತೆಂದು ಆಡಿಟರಿಗೆ ಏನು ತೋರಿಸಲಿ ಎಂದು ಎನರ್ಜಿ ಮ್ಯಾನೇಜರ್ ಗೋಳಾಡುತ್ತಾರೆ. ಪರಿಸರ ವಿಭಾಗದವರು ಮೆಲ್ಲಗೆ, "ಚಿಮಣಿ ಧೂಳಿಂದೂ ಹೋಗ್ಯಾದೇನ್ರಿ?" ಎನ್ನುತ್ತಾರೆ. ದನಿಯಲ್ಲಿ ದುಃಖಕ್ಕಿಂತ ಆಸೆ ಹೆಚ್ಚು.

"ಅದರ ಚಿಂತಿ ಬ್ಯಾಡ್ರಿ. ಅದರ ಕಾಪಿ ದಿಲ್ಲಿಯಾಗ ಅದ."

ನಿಜವೇ. 2014ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 17 ಬಗೆಯ ಉದ್ಯಮಗಳಿಗೆ ಆನ್‌ಲೈನ್ ನಿಗಾ ಹೇರಿತು, ಸಿಮೆಂಟ್ ಅದರಲ್ಲೊಂದು. ಅಂಕಿ ಚಿಮಣಿಯಿಂದ ಮಂಡಳಿಯ ಸರ್ವರಿಗೆ ಹೋಗುತ್ತದೆ. ಕಳೆದುಹೋದರೆ ಕಾರ್ಖಾನೆಗೆ ನೆಮ್ಮದಿಯೆನಿಸುವ ಅಂಕಿಗಳೇ ಎಲ್ಲಕ್ಕಿಂತ ಭದ್ರವಾಗಿರುತ್ತವೆ.

ರಾತ್ರಿ ಕೋಣೆ ಖಾಲಿಯಾದ ಮೇಲೆ ನಿಜವಾದ ಕೆಲಸ. ಮೂಲ ಫೈಲಿಗೆ ಕೈ ಹಚ್ಚುವುದಿಲ್ಲ, ಕಾಪಿ ಮಾಡಿಕೊಳ್ಳುತ್ತಾರೆ. ಹಿಂದಿನ ರಾತ್ರಿಯ ಬ್ಯಾಕಪ್ಪನ್ನು ಮೂಲೆಯ ಹಳೇ ಕಂಪ್ಯೂಟರಿಗೆ ಏರಿಸಿ, ಹೋದ ಟ್ಯಾಗುಗಳ ಹಳೇ ನಂಬರ್ ಹುಡುಕಿ, ಪಕ್ಕದಲ್ಲಿ ಹೊಸ ನಂಬರ್ ಬರೆದು, ಆ ಪಟ್ಟಿಯನ್ನು ಹಿಡಿದು ಆರ್ಕೈವನ್ನು ಆಫ್‌ಲೈನಿನಲ್ಲಿ ಮರುಬರೆಸುತ್ತಾರೆ. ಟ್ಯಾಗೇ ಇಲ್ಲದ ಹೊತ್ತಿನ ತೂತನ್ನು ಆಪರೇಟರ್ ಸ್ಟೇಷನ್ನಿನಲ್ಲಿ ಉಳಿದ ಟ್ರೆಂಡಿನಿಂದ ಮುಚ್ಚುತ್ತಾರೆ. ಹುಡುಗ ಚಹಾ ತರುತ್ತಾನೆ. ಇನ್ನು ವರ್ಷಗಟ್ಟಲೆ ತರುತ್ತಾನೆ.

ಸೋಮವಾರ ಪ್ರೊಡಕ್ಷನ್ ಹೆಡ್ ತಾವೇ ಬಂದು ಸ್ಟೂಲ್ ಎಳೆದುಕೊಂಡು ಕೂರುತ್ತಾರೆ.

"ಎಲ್ಲಾ ವಾಪಸ್ ಬಂತೇನ್ರಿ?"

"ಎಲ್ಲಾ ಬಂದಾದ್ರಿ ಸರ."

"ಮಂಗಳವಾರ ರಾತ್ರಿದೂ?"

"ಅದೂ ಬಂದಾದ. 2.40ಕ್ಕ ಕಿಲ್ನ್ ಟ್ರಿಪ್ ಆಗಿತ್ತಲ್ರಿ, ಚಂದ ಕಾಣ್ತದ."

ಆ ರಾತ್ರಿಯ ಶಿಫ್ಟ್ ಲಾಗ್‌ಬುಕ್ಕಿನಲ್ಲಿ ಗಂಟೆ ಗಂಟೆಗೂ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ 'ನಾರ್ಮಲ್' ಎಂದಿದೆ.

"ಅದೊಂದು ಹೋಗಿದ್ರ ನಡೀತಿತ್ತಲ್ರಿ..."

ಸಾಹೇಬ್ರು ಡ್ರಾಯರ್ ಎಳೆಯುತ್ತಾರೆ. ಟ್ಯಾಗ್ ಅಳಿಸಲು ಲಿಖಿತ ಅನುಮತಿ ಬೇಕೆಂದು ತಾವೇ ತಯಾರಿಸಿದ, "ಇದೆಲ್ಲಾ ಯಾಕ್ರಿ" ಎಂದು ಇದೇ ಪ್ರೊಡಕ್ಷನ್ ಹೆಡ್ ವಾಪಸ್ ಕಳಿಸಿದ್ದ ಫಾರ್ಮಿನ ಕಟ್ಟು ಅಲ್ಲಿದೆ.

"ಇಲ್ಲಿ ಕಾರಣ ಬರೀರಿ ಸರ. ಕೆಳಗ ನಿಮ್ಮ ಸಹಿ, ಅದರ ಕೆಳಗ ಜಿಎಂ ಸಾಹೇಬ್ರದು. ಪೆನ್ ಕೊಡ್ಲೇನ್ರಿ?"