ಬಬಲೇಶ್ವರ ದಾರಿಗೆ ಎಷ್ಟು ಕುದುರೆ ಬೇಕು?

ಎಣ್ಣೆ ಎಷ್ಟು, ಯಾವ ಗಳಿಗೆಗೆ ಎಂದು ಲೆಕ್ಕ ಹಾಕುವ ಇಸಿಯು ಡಬ್ಬಿಯ ಮೇಲೆ ವಿಜಯಪುರದ ಕಾರುಪ್ರಿಯರಿಗೆ ಒಂದೇ ಗುಮಾನಿ: ಕಂಪನಿಯವರು ಅಶ್ವಶಕ್ತಿಯನ್ನು ಕಟ್ಟಿಹಾಕಿ ಕಳಿಸಿದ್ದಾರೆ, ಬಿಚ್ಚಿಸಬೇಕು. ಗುಮಾನಿ ಪೂರ್ತಿ ಸುಳ್ಳಲ್ಲ. ಟರ್ಬೊ ಡೀಸೆಲ್ ಗಾಡಿಗೆ ರಿಮ್ಯಾಪ್ ಮಾಡಿಸಿದರೆ, ಅಂದರೆ ಇಸಿಯುವಿನ ಲೆಕ್ಕ ತಿದ್ದಿಸಿದರೆ, ಎಳೆತ ಹೆಚ್ಚುತ್ತದೆ. ಆದರೆ ಕಟ್ಟಿದ್ದು ಜಿಪುಣತನಕ್ಕಲ್ಲ. ಕಲಬೆರಕೆ ಎಣ್ಣೆ, ಧೂಳು ತುಂಬಿದ ಏರ್ ಫಿಲ್ಟರ್, 40 ಡಿಗ್ರಿ ದಾಟುವ ನಮ್ಮ ಬಿಸಿಲು, ಇವಕ್ಕೆಲ್ಲ ಎತ್ತಿಟ್ಟ ಮೀಸಲು ಅದು. ಕಾದ ಗಾಳಿಯಲ್ಲಿ ಆಮ್ಲಜನಕ ಕಡಿಮೆ. ಎಣ್ಣೆಯನ್ನಷ್ಟೇ ಸುರಿದರೆ ಹುಟ್ಟುವುದು ಕರಿಹೊಗೆ. ತಿಕೋಟಾದ ರೈತರು ಒಣದ್ರಾಕ್ಷಿಯ ಬಣ್ಣ ಕೆಡಬಾರದೆಂದು ನೆರಳಲ್ಲಿ ಒಣಗಿಸುತ್ತಾರೆ. ಅವರ ಶೆಡ್ಡಿನ ಮುಂದೆ ಇಂಥ ಕರಿಹೊಗೆಯ ಗಾಡಿ ನಿಲ್ಲಿಸದಿದ್ದರೆ ಪುಣ್ಯ.

ಹಾಗಾದರೆ ಹೊಸ ಇಸಿಯುವನ್ನೇ ಕೂರಿಸೋಣ ಎನ್ನುವವರಿದ್ದಾರೆ. ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರ್ ಹಾಕಿ ರೇಸಿಗಿಳಿಯುವ ಗಾಡಿಗೆ ಸರಿ. ಬಬಲೇಶ್ವರಕ್ಕೆ ಹೋಗಿಬರುವ ಕಾರಿಗೆ ಅದು ಗುಬ್ಬಿಯ ಮೇಲೆ 55 ಟನ್ನಿನ ಮಲಿಕ್-ಎ-ಮೈದಾನ ತೋಪು ಹಾರಿಸಿದಂತೆ. ಎಬಿಎಸ್, ಮೀಟರ್, ಏಸಿ ಎಲ್ಲವೂ ಹಳೆ ಡಬ್ಬಿಯೊಂದಿಗೇ ಮಾತಾಡಿ ರೂಢಿ. ಹೊಸದು ಬಂದರೆ ಡ್ಯಾಶ್‌ಬೋರ್ಡಿನಲ್ಲಿ ದೀಪಾವಳಿ. ‘ಪಕ್ಕದ ಓಣಿಯವ ಮಾಡಿಸ್ಯಾನ, ಏನೂ ಆಗಿಲ್ಲ’ ಎಂಬುದು ಇನ್ನೊಂದು ವಾದ. ಕ್ಲಚ್ಚು, ಟರ್ಬೊ ಸವೆಯುವುದು ಸದ್ದಿಲ್ಲದೆ. ಬಿಲ್ಲು ಬಂದ ದಿನ ಆ ಓಣಿಯವ ಅದನ್ನು ಊರಿಗೆಲ್ಲ ಓದಿ ಹೇಳುವುದಿಲ್ಲ. ಮೇಲಾಗಿ ಸರ್ವಿಸ್‌ನಲ್ಲಿ ಕಂಪನಿಯ ಸಾಫ್ಟ್‌ವೇರ್ ಅಪ್‌ಡೇಟ್ ಹಾಕಿದರೆ ಕಾಸು ಕೊಟ್ಟ ರಿಮ್ಯಾಪ್ ಅಳಿಸಿಹೋಗಬಹುದು. ಆದ್ದರಿಂದ ಆರಿಸಬೇಕಾದ್ದು ಡಬ್ಬಿಯನ್ನಲ್ಲ, ಟ್ಯೂನರನ್ನು: ಮೊದಲು ಮೂಲ ಫೈಲ್ ಕಾಪಿ ತೆಗೆದಿಡುವವನನ್ನು, ಗಾಡಿ ಓಡಿಸಿ ಬೂಸ್ಟು, ಹೊಗೆಯ ಬಿಸಿ ನೋಡಿ ಲೆಕ್ಕ ತಿದ್ದುವವನನ್ನು. ‘ಎಷ್ಟು ಪವರ್ ಬೇಕು ಹೇಳ್ರಿ’ ಎಂದು ತರಕಾರಿ ತೂಗುವ ದನಿಯಲ್ಲಿ ಕೇಳುವವನ ಕೈಗೆ ಕೀಲಿ ಕೊಡಬೇಡಿ.